ಕಡಲ ಗಾಳಕ್ಕೆ ಹುಟ್ಟಿನ ಕಯಾಕೋ, ಪೆಡಲ್ ಕಯಾಕೋ?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ವಯಸ್ಸು 38. ಚಿಕ್ಕಂದಿನಿಂದ ಕೆರೆ, ಹೊಳೆಗಳಲ್ಲಿ ಗಾಳ ಹಾಕಿ ರೂಢಿಯಿದೆ. ಎರಡು ವರ್ಷದಿಂದ ಅಂಕೋಲಾ, ಗೋಕರ್ಣದ ಕಡೆ ದಂಡೆಯಲ್ಲಿ ನಿಂತು ಗಾಳ ಹಾಕುತ್ತಿದ್ದೇನೆ. ಈಗ ಕಯಾಕ್ (ಒಬ್ಬರು ಕೂತು ಹೋಗುವ ಕಿರುದೋಣಿ) ತಗೊಂಡು ಸ್ವಲ್ಪ ಒಳಗೆ ಹೋಗುವ ಆಸೆ. ವರ್ಷಕ್ಕೆ ಎಂಟು–ಹತ್ತು ಸಲ ಹೋಗಬಹುದು, ಹೆಚ್ಚಾಗಿ ಒಬ್ಬನೇ. ಇರುವುದು ಸಣ್ಣ ಕಾರು. ಕಾಲಲ್ಲಿ ತುಳಿಯುವ ಪೆಡಲ್ ಕಯಾಕ್ ಮೇಲೆ ಮನಸ್ಸಾಗಿದೆ. ರೊಕ್ಕ ಜಾಸ್ತಿಯಾದರೂ ಪರವಾಗಿಲ್ಲ, ಒಮ್ಮೆ ತಗೊಂಡರೆ ಒಳ್ಳೆಯದನ್ನೇ ತಗೋಬೇಕು ಅಲ್ವಾ?

ಉತ್ತರ: ಮೀನು ಹಿಡಿಯುವುದೊಂದನ್ನೇ ನೋಡಿದರೆ ಪೆಡಲ್ ಕಯಾಕೇ ಮೇಲು. ಆದರೂ ನಿಮ್ಮ ಮೊದಲ ಕಯಾಕ್ ಹುಟ್ಟಿನದಾಗಿರಲಿ ಎನ್ನುತ್ತೇನೆ.

ಪೆಡಲ್‌ನ ಹೆಚ್ಚುಗಾರಿಕೆ ಏನು ಅಂತ ಮೊದಲು ಒಪ್ಪಿಕೊಳ್ಳೋಣ. ಎರಡೂ ಕೈ ಬಿಡುವಾಗಿರುತ್ತವೆ. ಇಸ್ವಾಣದಂಥ (ಅಂಜಲ್) ಮೀನಿಗೆ ಗಾಳವನ್ನು ಹಿಂದೆ ಎಳೆದುಕೊಂಡು ಒಂದೇ ವೇಗದಲ್ಲಿ ಹೋಗುತ್ತಿರಬೇಕು. ಹುಟ್ಟು ಹಾಕುವವರು ಮೀನು ಕಚ್ಚಿದ ಕೂಡಲೇ ಹುಟ್ಟನ್ನು ಕೆಳಗಿಟ್ಟು ರಾಡ್ ಹಿಡಿಯಬೇಕು. ಅಷ್ಟರಲ್ಲಿ ಕಯಾಕ್ ನಿಧಾನವಾಗುತ್ತದೆ, ದಾರ ಸಡಿಲಾಗುತ್ತದೆ, ಮೀನು ಬಿಡಿಸಿಕೊಳ್ಳುತ್ತದೆ. ಪೆಡಲ್‌ನಲ್ಲಿ ರಾಡ್ ಕೈಯಲ್ಲಿದ್ದಾಗಲೂ ಕಾಲು ತುಳಿಯುತ್ತಲೇ ಇರಬಹುದು. ಗಾಳಿಯಿದ್ದಾಗ ಬಂಡೆಯ ಹತ್ತಿರ ಒಂದೇ ಕಡೆ ನಿಲ್ಲುವುದೂ ಸುಲಭ. ಮೆಲ್ಲಗೆ ತುಳಿಯುತ್ತಿದ್ದರೆ ಸಾಕು. ತೊಡೆಯ ಬಲ ತೋಳಿಗಿಂತ ಜಾಸ್ತಿ, ಹಾಗಾಗಿ ಆಯಾಸವೂ ಕಡಿಮೆ.

ಪೆಡಲ್‌ಗಳಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಕೆಳಗೆ ಎರಡು ರೆಕ್ಕೆಗಳು ನೀರನ್ನು ಬಡಿಯುತ್ತವೆ, ಪೆಂಗ್ವಿನ್ ಈಜುವ ಹಾಗೆ. ಹೋಬಿ ಕಂಪನಿ 1997ರಲ್ಲಿ ತಂದದ್ದು ಇದನ್ನೇ. ಒಂದಾದ ಮೇಲೊಂದು ಕಾಲನ್ನು ಮುಂದೆ ಒತ್ತುತ್ತಾ ಹೋಗಬೇಕು. ಇನ್ನೊಂದು ಸೈಕಲ್ ತುಳಿದ ಹಾಗೆ, ಕೆಳಗೆ ಪ್ರೊಪೆಲ್ಲರ್ ತಿರುಗುತ್ತದೆ. ಹಿಂದಕ್ಕೆ ತುಳಿದರೆ ಕಯಾಕ್ ಹಿಂದಕ್ಕೇ ಬರುತ್ತದೆ, ಬಂಡೆಯ ಹತ್ತಿರ ಇದು ದೊಡ್ಡ ಅನುಕೂಲ. ರೆಕ್ಕೆಯದರ ಲಾಭ ಬೇರೆ. ನೀರು ಕಡಿಮೆಯಿರುವಲ್ಲಿ ಒಂದು ಕಾಲನ್ನು ಪೂರ್ತಿ ಮುಂದೊತ್ತಿದರೆ ರೆಕ್ಕೆಗಳು ಕಯಾಕಿನ ತಳಕ್ಕೆ ಅಂಟಿಕೊಳ್ಳುತ್ತವೆ. ಪ್ರೊಪೆಲ್ಲರನ್ನು ಮೇಲಕ್ಕೇ ಎತ್ತಬೇಕು.

ಈಗ ತೊಂದರೆಗೆ ಬರೋಣ. ಅದು ಶುರುವಾಗುವುದು ದಂಡೆಯಲ್ಲೇ.

ಅಲೆ ಮುರಿಯುವ ಜಾಗದಲ್ಲಿ ರೆಕ್ಕೆಯಾಗಲಿ, ಪ್ರೊಪೆಲ್ಲರಾಗಲಿ ಕೆಳಗಿರಬಾರದು. ಮರಳಿಗೆ ಬಡಿದರೆ ಬಾಗುತ್ತದೆ, ಕೆಲವೊಮ್ಮೆ ಅದು ಕೂರುವ ಗೂಡೇ ಬಿರುಕು ಬಿಡುತ್ತದೆ. ಹಾಗಾಗಿ ಹೋಗುವಾಗಲೂ ಬರುವಾಗಲೂ ಆ ಐವತ್ತು–ನೂರು ಮೀಟರನ್ನು ಹುಟ್ಟು ಹಾಕಿಯೇ ದಾಟಬೇಕು. ಅಂದರೆ ಕಡಲಿನ ಅತಿ ಕಷ್ಟದ ಜಾಗದಲ್ಲಿ ಪೆಡಲ್ ಕಯಾಕ್ ಕೂಡ ಹುಟ್ಟಿನ ಕಯಾಕೇ ಆಗಿಬಿಡುತ್ತದೆ, ಅದೂ ಅಗಲವಾದ, ಭಾರವಾದ ಹುಟ್ಟಿನ ಕಯಾಕ್. ಮೇಲೆ ಕೂತು ಹೋಗುವ ಹುಟ್ಟಿನ ಕಯಾಕ್ ಸಾಮಾನ್ಯವಾಗಿ 25ರಿಂದ 35 ಕಿಲೋ ಇರುತ್ತದೆ. ಪೆಡಲ್‌ನದು ಎಲ್ಲ ಜೋಡಿಸಿದರೆ 45–55 ಕಿಲೋ. ಅಲೆಗೆ ಅಡ್ಡ ತಿರುಗಿದರೆ ಈ ಭಾರವೆಲ್ಲ ನಿಮ್ಮ ಮೇಲೇ ಬರುತ್ತದೆ.

ಮಗುಚಿದಾಗಲೂ ಅಷ್ಟೇ. ಅಗಲ ಜಾಸ್ತಿಯಿದ್ದರೆ ಅಲುಗಾಟ ಕಡಿಮೆ ಅನ್ನುವುದು ನಿಜ. ಆದರೆ ಅಗಲವಾದದ್ದು ಬೋರಲು ಬಿದ್ದರೂ ಹಾಗೇ ಗಟ್ಟಿಯಾಗಿ ಕೂತುಬಿಡುತ್ತದೆ. ಆಳದ ನೀರಿನಲ್ಲಿ ಒಬ್ಬರೇ ಅದನ್ನು ನೆಟ್ಟಗೆ ಮಾಡುವುದು ಸುಮ್ನೆ ಮಾತಲ್ಲ.

ನನಗಾದದ್ದನ್ನು ಹೇಳುತ್ತೇನೆ. ಬೇಲೆಕೇರಿಯ ಹತ್ತಿರ, ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ. ಪ್ರೊಪೆಲ್ಲರ್ ಇದ್ದ ಕಯಾಕ್. ದಂಡೆಯಿಂದ ಸುಮಾರು ಎರಡು ಕಿಲೋಮೀಟರ್ ಹೋಗಿದ್ದೆ. ಗಾಳಿ ಬೆನ್ನಿಗಿತ್ತು, ಇಪ್ಪತ್ತೈದು ನಿಮಿಷವೂ ಆಗಿರಲಿಲ್ಲ. ತೇಲುತ್ತಿದ್ದ ಹಳೇ ಬಲೆಯ ತುಂಡೊಂದು ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ಪೆಡಲ್ ಅಲುಗಲಿಲ್ಲ, ಯಂತ್ರವನ್ನು ಮೇಲಕ್ಕೆ ಎತ್ತಲೂ ಆಗಲಿಲ್ಲ. ಹುಟ್ಟು ತೆಗೆದು ಎದುರುಗಾಳಿಯಲ್ಲಿ ವಾಪಸ್ ಹೊರಟೆ, ಕೆಳಗೆ ಬಲೆ ಜಗ್ಗುತ್ತಿತ್ತು. ದಂಡೆ ಮುಟ್ಟಲು ಹತ್ತಿರ ಹತ್ತಿರ ಎರಡು ತಾಸು ಬೇಕಾಯಿತು. ಜೊತೆಗೆ ಗೆಳೆಯ ಇನ್ನೊಂದು ಕಯಾಕಿನಲ್ಲಿದ್ದ, ಅದಕ್ಕೇ ಧೈರ್ಯ ಉಳಿಯಿತು. ಅವತ್ತು ನನಗೆ ಹತ್ತು ವರ್ಷ ಹುಟ್ಟು ಹಾಕಿದ ರೂಢಿಯಿತ್ತು. ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಆ ಗಾಳಿಯ ವಿಷಯ ನೀವು ಚೆನ್ನಾಗಿ ತಿಳಿದಿರಬೇಕು. ಮಳೆಗಾಲ ಮುಗಿದ ಮೇಲೆ ನಮ್ಮ ಕರಾವಳಿಯಲ್ಲಿ ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ತಿರುಗಿ ಕಡಲಿಂದ ನೆಲಕ್ಕೆ ಬೀಸುತ್ತದೆ, ಅಲೆಯೂ ಏಳುತ್ತದೆ. ಬೆಳಿಗ್ಗೆ ದಂಡೆಯಿಂದ ನೋಡಿದರೆ ನೀರು ಕನ್ನಡಿ. ಪೆಡಲ್ ತುಳಿಯುತ್ತಾ ಹೋದರೆ ದೂರ ಹೋದದ್ದೇ ಗೊತ್ತಾಗುವುದಿಲ್ಲ. ತಾಸಿಗೆ ಐದು ಕಿಲೋಮೀಟರ್ ಹೋಗುವವರು ಮೂರು ಕಿಲೋಮೀಟರ್ ದಾಟಲು 36 ನಿಮಿಷ ಸಾಕು. ಅದೇ ಯಂತ್ರ ಕೈಕೊಟ್ಟು, ಎದುರುಗಾಳಿಯಲ್ಲಿ ಹುಟ್ಟು ಹಾಕಿ ತಾಸಿಗೆ ಎರಡು ಕಿಲೋಮೀಟರ್ ಬಂದರೂ ಒಂದೂವರೆ ತಾಸು. ಹುಟ್ಟಿನವರಿಗೆ ತೋಳು ಮೊದಲೇ ಹೇಳಿಬಿಡುತ್ತದೆ, ಇನ್ನು ಸಾಕು, ತಿರುಗು ಅಂತ. ಹೊಸಬರಿಗೆ ಈ ಎಚ್ಚರಿಕೆ ಬಹಳ ಮುಖ್ಯ.

ಇನ್ನು ನಿಮ್ಮ ಕಾರು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿಯುವ ದಾರಿ ಅದು. ಸಣ್ಣ ಕಾರಿನ ಮೇಲೆ 30 ಕಿಲೋ ಒಬ್ಬರೇ ಏರಿಸಬಹುದು, ಒಂದು ತುದಿಯನ್ನು ಹಿಂದೆ ಒರಗಿಸಿ ಮೆಲ್ಲಗೆ ತಳ್ಳಿದರಾಯಿತು. ಪೆಡಲ್‌ನದು ಯಂತ್ರ, ಸೀಟು ಎಲ್ಲ ಬಿಚ್ಚಿದರೂ 35–40 ಕಿಲೋ ಉಳಿಯುತ್ತದೆ. ಬೆಳಿಗ್ಗೆ ಹುರುಪಿನಲ್ಲಿ ಏರಿಸುತ್ತೀರಿ. ದಿನವಿಡೀ ಬಿಸಿಲಲ್ಲಿದ್ದು, ಮರಳಲ್ಲಿ ಎಳೆದು ತಂದ ಮೇಲೆ ಸಂಜೆ ಏರಿಸುವುದನ್ನು ನೆನೆಸಿಕೊಳ್ಳಿ. ಬೆಲ್ಟನ್ನು ಅತಿಯಾಗಿ ಬಿಗಿಯಬೇಡಿ, ನಮ್ಮ ಕಡೆಯ ಬಿಸಿಲಿಗೆ ಪ್ಲಾಸ್ಟಿಕ್ ಮೆತ್ತಗಾಗಿ ತಗ್ಗು ಬೀಳುತ್ತದೆ. ಘಾಟಿಗೆ ಮೊದಲು ಒಮ್ಮೆ ನಿಲ್ಲಿಸಿ ಬೆಲ್ಟ್ ನೋಡಿ.

ತಗೊಳ್ಳುವುದಾದರೆ 12–13 ಅಡಿ ಉದ್ದ, 30 ಇಂಚಿನ ಆಸುಪಾಸು ಅಗಲ, ಮೇಲೆ ಕೂರುವ ಮಾದರಿ, ಕಾಲಲ್ಲಿ ತಿರುಗಿಸುವ ಚುಕ್ಕಾಣಿ ಇರುವಂಥದ್ದು. ಅಡ್ಡಗಾಳಿಯಲ್ಲಿ ಚುಕ್ಕಾಣಿ ಇಲ್ಲದಿದ್ದರೆ ಒಂದೇ ತೋಳು ದಣಿಯುತ್ತದೆ. ಉಳಿದ ರೊಕ್ಕವನ್ನು ಹಗುರವಾದ ಒಳ್ಳೆಯ ಹುಟ್ಟಿಗೆ, ನಿಜವಾಗಿ ತೇಲಿಸುವ ಲೈಫ್ ಜಾಕೆಟ್‌ಗೆ ಹಾಕಿ. ಹುಟ್ಟನ್ನು ಹಗ್ಗದಿಂದ ಕಯಾಕಿಗೆ ಕಟ್ಟಿರಬೇಕು. ಮೊದಲು ಗಣೇಶಗುಡಿಯ ಕಾಳಿಯಲ್ಲೋ ಹೊನ್ನಾವರದ ಶರಾವತಿ ಹಿನ್ನೀರಿನಲ್ಲೋ ಬೇಕಂತಲೇ ಮಗುಚಿ, ಮತ್ತೆ ಹತ್ತಿ ಕೂರುವುದನ್ನು ಕಲಿಯಿರಿ. ಹತ್ತು ಸಲ ಬಿದ್ದು ಹತ್ತು ಸಲವೂ ಹತ್ತಲು ಬಂದ ಮೇಲೆ ಕಡಲು.

ಒಬ್ಬರೇ ಹೋಗುತ್ತೇನೆ ಅಂದಿರಿ. ದಯವಿಟ್ಟು ಹೋಗಬೇಡಿ. ಜೊತೆ ಸಿಗದಿದ್ದರೆ ಅವತ್ತು ದಂಡೆಯಿಂದಲೇ ಗಾಳ ಹಾಕಿ. ಹೊರಡುವ ಮುನ್ನ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್‌ನವರ ಅಲೆಯ ಮುನ್ಸೂಚನೆ ನೋಡಿ. ದಂಡೆಯಲ್ಲಿರುವ ಮೀನುಗಾರರಿಗೆ ಎಲ್ಲಿ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಹೇಳಿ ಹೋಗಿ. ಅವರು ಬೇಡ ಅಂದರೆ ಬೇಡ. ಕರಾವಳಿ ಕಾವಲು ಪಡೆಯ 1554 ನಂಬರನ್ನು ಫೋನಿನಲ್ಲಿ ಇಟ್ಟುಕೊಂಡು, ಫೋನನ್ನು ನೀರು ಹೋಗದ ಚೀಲದಲ್ಲಿಡಿ. ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ, ಅದರಲ್ಲೂ ಇಳಿತದ ಹೊತ್ತಿಗೆ, ಹೋಗಲೇಬೇಡಿ. ಹೊಳೆಯ ನೀರು ಹೊರಗೆ ಓಡುತ್ತದೆ, ಅಲೆ ಒಳಗೆ ನುಗ್ಗುತ್ತದೆ, ನಡುವೆ ಸಿಕ್ಕ ಕಯಾಕ್ ನಿಲ್ಲುವುದಿಲ್ಲ. ರಂಪಣಿ ಬಲೆ (ದಂಡೆಯಿಂದ ಎಳೆಯುವ ದೊಡ್ಡ ಬಲೆ) ಹಾಕಿರುವ ಕಡೆಯಿಂದ ದೂರವಿರಿ, ಅದು ಅವರ ಅನ್ನ. ಕಾರವಾರದ ಹತ್ತಿರ ಅರಗಾದಲ್ಲಿ ನೌಕಾನೆಲೆಯಿದೆ, ಆ ನೀರಿಗೆ ಇಳಿಯುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ. ನಿಮ್ಮ ಕಯಾಕ್ ಸೆಪ್ಟೆಂಬರ್ ಮುಗಿಯುವವರೆಗೂ ಮನೆಯಲ್ಲೇ ಇರಲಿ.

ಒಂದು ಹಂಗಾಮು ಹೀಗೆ ಕಳೆಯಿರಿ. ಅಲೆ ದಾಟಲು ಹೆದರಿಕೆ ಹೋಗಿ, ಜೊತೆಗಾರರೂ ಸಿಕ್ಕಿದ್ದರೆ, ಆಗ ಪೆಡಲ್ ತಗೊಳ್ಳಿ. ನಿಮ್ಮ ಕೈಯಲ್ಲಿ ಅದು ಆಗ ಎರಡರಷ್ಟು ಕೆಲಸ ಮಾಡುತ್ತದೆ.

ಪ್ರಶ್ನೆ: ಹಾವೇರಿಯಿಂದ ಬರೆಯುತ್ತಿದ್ದೇನೆ. ಭುಜದ ಆಪರೇಶನ್ ಆಗಿದೆ, ಜಾಸ್ತಿ ಹೊತ್ತು ಹುಟ್ಟು ಹಾಕಲು ಆಗುವುದಿಲ್ಲ. ತಮ್ಮ ಜೊತೆಗೆ ಬರುತ್ತಾನೆ. ನನಗೂ ಹುಟ್ಟಿನದೇ ಅನ್ನುತ್ತೀರಾ?

ಉತ್ತರ: ಇಲ್ಲ, ನಿಮಗೆ ಪೆಡಲೇ ಸರಿ. ತಮ್ಮ ಇರುವುದರಿಂದ ಎತ್ತುವ, ಅಲೆ ದಾಟಿಸುವ ಕೆಲಸ ಹಂಚಿಹೋಗುತ್ತದೆ. ಅವರು ಹುಟ್ಟಿನ ಕಯಾಕಿನಲ್ಲಿ ಬರಲಿ, ಇಬ್ಬರ ಬಳಿಯೂ ಎಳೆಯುವ ಹಗ್ಗವಿರಲಿ. ಆದರೆ ಒಂದು ಪರೀಕ್ಷೆ ಮಾಡಿ. ತುಂಗಭದ್ರೆ ಶಾಂತವಾಗಿರುವ ಕಡೆ ಪೆಡಲ್ ಮುಟ್ಟದೆ ಬರೀ ಹುಟ್ಟಿನಿಂದ ಇನ್ನೂರು ಮೀಟರ್ ಹೋಗಿ ನೋಡಿ. ಭುಜ ತಡೆದರೆ ಕೊಲ್ಲಿಯೊಳಗಿನ ನೀರಿಗೆ ಹೋಗಬಹುದು. ತಡೆಯದಿದ್ದರೆ ಡಾಕ್ಟರನ್ನು ಕೇಳಿ, ಅಲ್ಲಿಯವರೆಗೆ ಹಿನ್ನೀರೇ ಸಾಕು.

ಪ್ರಶ್ನೆ: ಗದಗಿನವನು. ಯಾರೋ ಬಳಸಿದ ಪೆಡಲ್ ಕಯಾಕ್ ಕಡಿಮೆ ಬೆಲೆಗೆ ಸಿಗುತ್ತಿದೆ. ಏನು ನೋಡಿ ತಗೋಬೇಕು?

ಉತ್ತರ: ಯಂತ್ರ ಕೂರುವ ಗೂಡಿನ ಮೂಲೆಗಳನ್ನು ಟಾರ್ಚ್ ಹಾಕಿ ನೋಡಿ, ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಪೆಡಲ್ ಹಿಡಿದು ಅಲುಗಾಡಿಸಿ. ಲೊಡಲೊಡ ಅಂದರೆ ಅಥವಾ ತಿರುಗುವಾಗ ಮರಳಿನ ಸದ್ದು ಬಂದರೆ, ಕಡಲಿಂದ ಬಂದ ಮೇಲೆ ಸಿಹಿ ನೀರಿನಲ್ಲಿ ತೊಳೆದೇ ಇಲ್ಲ ಅಂತ ಅರ್ಥ. ಚುಕ್ಕಾಣಿಯ ತಂತಿ ಜಂಗು ಹಿಡಿದಿದೆಯಾ ನೋಡಿ. ಬಿಡಿಭಾಗ ಎಲ್ಲಿಂದ ತರಿಸುತ್ತಿದ್ದರು ಎಂದು ಕೇಳಿ. ಇವುಗಳಲ್ಲಿ ಎಷ್ಟೋ ಹೊರದೇಶದವು, ಒಂದು ಸಣ್ಣ ಪಿನ್ನಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಕೊನೆಗೆ ಅರ್ಧ ತಾಸು ಕೆರೆಗಿಳಿಸಿ ತುಳಿಯಿರಿ, ದಡಕ್ಕೆ ತಂದು ಒಳಗೆ ಎಷ್ಟು ನೀರು ಸೇರಿದೆ ನೋಡಿ. ಮಾರುವವರು ನೀರಿಗಿಳಿಸಲು ಒಪ್ಪದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ.