ಮಲ್ಪೆ ಐಸ್ ಪ್ಲಾಂಟ್: 100 ಯೂನಿಟ್ ಬ್ಯಾಟರಿ 2 ಗಂಟೆ ಯಾಕೆ ಬರ್ತಿಲ್ಲ?

50 ಕಿಲೋವ್ಯಾಟ್ ಲೋಡಿಗೆ 100 ಯೂನಿಟ್ (kWh) ಬ್ಯಾಟರಿ ಹಾಕಿಯೂ 2 ಗಂಟೆ ಬರ್ತಿಲ್ಲ ಅಂದ್ರೆ, ಬಹುಶಃ ಬ್ಯಾಟರಿ ಕೆಟ್ಟಿಲ್ಲ, ಲೆಕ್ಕವೇ ಕಡಿಮೆಯಾಗಿದೆ. ಲೇಬಲ್ ಮೇಲಿನ 100 ಪೂರ್ತಿ ಕೈಗೆ ಸಿಗುವುದಿಲ್ಲ. ಲಿಥಿಯಂನಲ್ಲಿ ಸಾಮಾನ್ಯವಾಗಿ ಶೇ. 90 ಬಳಸಬಹುದು. ಇನ್ವರ್ಟರ್, ವೈರಿಂಗ್‌ನಲ್ಲಿ ಇನ್ನೊಂದು ಶೇ. 5-10 ಹೋಗುತ್ತದೆ, ನಿಮ್ಮದರಲ್ಲಿ ಎಷ್ಟು ಅಂತ ಅಳೆದೇ ನೋಡಬೇಕು.

ಮೊದಲು ಕಂಪ್ರೆಸರ್ ಓಡುವಾಗ ಮೀಟರ್‌ನಲ್ಲಿ ನಿಜವಾದ ಲೋಡ್ ನೋಡಿ. ಅದು 50 ಇದ್ದರೆ 2 ಗಂಟೆಗೆ 100 ಆಯ್ತಲ್ವಾ, ಅದನ್ನು 0.9ರಿಂದ ಎರಡು ಸಲ ಭಾಗಿಸಿ (ಒಂದು ಸಲ ಬಳಸಲು ಸಿಗುವ ಶೇ. 90ಕ್ಕೆ, ಇನ್ನೊಂದು ಸಲ ಇನ್ವರ್ಟರ್, ವೈರಿಂಗ್‌ನಲ್ಲಿ ಹೋಗುವ ಶೇ. 10ಕ್ಕೆ): ಸುಮಾರು 123 ಯೂನಿಟ್. ಬ್ಯಾಟರಿ ಹಳತಾಗಿ ಶೇ. 80ಕ್ಕೆ ಇಳಿದಾಗಲೂ ಸಾಕಾಗಬೇಕಾದ್ರೆ 0.8ರಿಂದಲೂ ಭಾಗಿಸಿ, 154. ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಕರೆಂಟ್ ಜಾಸ್ತಿ ಎಳೆಯುತ್ತದೆ, ಅದನ್ನು ಇನ್ವರ್ಟರ್ ತಾಳಿಕೊಳ್ಳುತ್ತದಾ ಅಂತ ಇನ್ವರ್ಟರ್ ಕೊಟ್ಟವರನ್ನು ಕೇಳಿ.

ಹೆಚ್ಚುವರಿ ಬ್ಯಾಟರಿಗೆ ಕೊಟೇಶನ್ ಬಂದಾಗ ಒಟ್ಟು ಬೆಲೆಯನ್ನು ನಿಜವಾಗಿ ಸಿಗುವ ಯೂನಿಟ್‌ನಿಂದ ಭಾಗಿಸಿ ಹೋಲಿಸಿ.