ಅಮೆರಿಕದ ಬೇಲ್ ಬಾಂಡ್ ಏಜೆಂಟ್, ಬೌಂಟಿ ಹಂಟರ್ ಇಬ್ಬರೂ ಒಂದೇನಾ? ನಮ್ಮಲ್ಲಿ ಯಾಕಿಲ್ಲ?

ನೀವು ಕೇಳಿದ್ದು ಇಷ್ಟು: ಅಮೆರಿಕದ ಧಾರಾವಾಹಿಗಳಲ್ಲಿ ಒಬ್ಬನೇ ಆಸಾಮಿ ಜಾಮೀನೂ ಕೊಡಿಸುತ್ತಾನೆ, ಓಡಿಹೋದವನನ್ನು ಹಿಡಿದೂ ತರುತ್ತಾನೆ, ಎರಡೂ ಒಂದೇ ಕೆಲಸವಾ, ನಮ್ಮ ದೇಶದಲ್ಲಿ ಯಾಕೆ ಇಂಥವರು ಇಲ್ಲ ಅಂತ. ನಾನು ಹಾಸನದಲ್ಲಿ ಕೆಲವು ವರ್ಷ ವಕೀಲಿಕೆ ಮಾಡಿದವನು. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಕ್ರಿಮಿನಲ್ ಕೇಸು ನಡೆಸುವ ಒಂದು ಸಣ್ಣ ಆಫೀಸಿನಲ್ಲಿ ಕಾಗದಪತ್ರದ ಕೆಲಸ ಮಾಡುತ್ತೇನೆ. ಎರಡೂ ಕಡೆಯ ಜಾಮೀನು ನೋಡಿದ್ದೇನೆ, ಹಾಗಾಗಿ ಉತ್ತರಿಸುತ್ತಿದ್ದೇನೆ.

ಒಂದೇ ಅಲ್ಲ. ಏಜೆಂಟ್ ಅಂದರೆ ದುಡ್ಡಿನ ಹೊಣೆ ಹೊತ್ತವನು. ಆ ಹೊಣೆ ಕುತ್ತಿಗೆಗೆ ಬಂದಾಗ ಅವನು ಕರೆಸಿಕೊಳ್ಳುವವನು ಬೌಂಟಿ ಹಂಟರ್.

ಲೆಕ್ಕ ಹೀಗೆ. ಒಬ್ಬನನ್ನು ಅರೆಸ್ಟ್ ಮಾಡಿ, 50,000 ಡಾಲರ್ ಬೇಲ್ ಎಂದರು ಅನ್ನಿ. ಪೂರ್ತಿ ಹಣ ಕೋರ್ಟಿಗೆ ಕಟ್ಟಿದರೆ, ಎಲ್ಲ ತಾರೀಖಿಗೂ ಹಾಜರಾದ ಮೇಲೆ ವಾಪಸ್ ಸಿಗುತ್ತದೆ. ಆದರೆ ಮಧ್ಯರಾತ್ರಿ ಅಷ್ಟು ಹಣ ಯಾರ ಹತ್ತಿರ ಇರುತ್ತೆ? ಮನೆಯವರು ಏಜೆಂಟನಿಗೆ ಫೋನ್ ಮಾಡುತ್ತಾರೆ. ಅವನು ಸಾಮಾನ್ಯವಾಗಿ ಶೇ. 10, ಅಂದರೆ 5,000 ಡಾಲರ್ ತೆಗೆದುಕೊಂಡು, ‘ಈತ ಬಾರದಿದ್ದರೆ ಪೂರ್ತಿ ಹಣ ನಾವು ಕಟ್ಟುತ್ತೇವೆ’ ಎಂದು ಬಾಂಡ್ ಬರೆದುಕೊಡುತ್ತಾನೆ. ಆ 5,000 ಅವನ ಫೀಸು, ಆರೋಪಿ ನಿರ್ದೋಷಿ ಎಂದು ತೀರ್ಪಾದರೂ ಹೋದದ್ದು ಹೋಯಿತು. ಬಾಂಡಿನ ಬೆನ್ನಿಗೆ ಒಂದು ಇನ್ಶೂರೆನ್ಸ್ ಕಂಪನಿ ಇರುತ್ತದೆ. ಅದಕ್ಕೇ ಇಲ್ಲಿ ಏಜೆಂಟನಿಗೆ ಲೈಸೆನ್ಸ್ ಕೊಡುವುದು ಪೊಲೀಸರಲ್ಲ, ರಾಜ್ಯದ ವಿಮಾ ಇಲಾಖೆ.

ಈ ದಂಧೆಯನ್ನು ಈಗಿನ ರೂಪಕ್ಕೆ ತಂದವರು ಸ್ಯಾನ್ ಫ್ರಾನ್ಸಿಸ್ಕೊದ ಮೆಕ್‌ಡೊನೊ ಸಹೋದರರು, 1898ರ ಸುಮಾರಿಗೆ ಶುರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಪ್ಪನ ಮದ್ಯದಂಗಡಿಗೆ ಬರುತ್ತಿದ್ದ ವಕೀಲರಿಗೆ ಉಪಕಾರಕ್ಕೆಂದು ಜಾಮೀನು ದುಡ್ಡು ಕೊಡುತ್ತಿದ್ದವರು, ಅದಕ್ಕೆ ಫೀಸು ಹಾಕಬಹುದು ಅನ್ನುವುದನ್ನು ಕಂಡುಕೊಂಡರು. 1937ರಲ್ಲಿ ನಗರದ ಪೊಲೀಸ್ ಲಂಚಗುಳಿತನದ ಬಗ್ಗೆ ಬಂದ ತನಿಖಾ ವರದಿ ಇವರನ್ನೇ ಭ್ರಷ್ಟಾಚಾರದ ಮೂಲ ಎಂದಿತು. ದಂಧೆ ಮಾತ್ರ ದೇಶವೆಲ್ಲ ಹಬ್ಬಿತು.

ಈಗ ಆರೋಪಿ ತಾರೀಖಿಗೆ ಬರಲಿಲ್ಲ. ಜಡ್ಜ್ ವಾರಂಟ್ ಹೊರಡಿಸಿ ಬಾಂಡ್ ಮುಟ್ಟುಗೋಲು ಹಾಕುತ್ತಾರೆ. ತಕ್ಷಣ ದುಡ್ಡು ಕಟ್ಟಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 180 ದಿನ, ನೋಟಿಸು ಅಂಚೆಯಲ್ಲಿ ಬರುವುದಕ್ಕೆ ಇನ್ನೂ 5, ಒಟ್ಟು 185 ದಿನ ಗಡುವು. ಫ್ಲಾರಿಡಾದಲ್ಲಿ 60 ದಿನ. ಅಷ್ಟರೊಳಗೆ ಆಸಾಮಿ ಕಸ್ಟಡಿಗೆ ಬಂದರೆ ಏಜೆಂಟ್ ಬಚಾವ್. ಟಿವಿಯಲ್ಲಿ ಈ ಹಂತದಲ್ಲೇ ಬಾಗಿಲು ಒದೆಯುತ್ತಾರೆ. ನಿಜದಲ್ಲಿ ಮೊದಲು ನಡೆಯುವುದು ಫೋನ್ ಕರೆ. ತಾರೀಖು ಮರೆತವರು, ಕೆಲಸಕ್ಕೆ ರಜೆ ಸಿಗದವರು, ಹೆದರಿ ಅಕ್ಕನ ಮನೆಯಲ್ಲಿ ಕೂತವರು, ಇಂಥವರೇ ಜಾಸ್ತಿ. ವಕೀಲರು ಹೊಸ ತಾರೀಖು ಹಾಕಿಸಿ, ಆಸಾಮಿಯನ್ನು ಕೋರ್ಟಿಗೆ ಕರೆತಂದು ನಿಲ್ಲಿಸಿದರೆ ಎಷ್ಟೋ ಸಲ ಅಲ್ಲಿಗೆ ಮುಗಿಯುತ್ತದೆ.

ಹಾಗೂ ಸಿಗದವನನ್ನು ಹುಡುಕುವುದು ಹೇಗೆ? ಬಾಂಡ್ ಬರೆಸುವಾಗ ತುಂಬಿಸಿಕೊಂಡ ಅರ್ಜಿಯಿಂದ. ಅದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಕಡೆಯ ಮದುವೆ ದಲ್ಲಾಳಿಯ ನೋಟ್‌ಬುಕ್ ನೆನಪಾಯಿತು. ತಾಯಿಯ ವಿಳಾಸ, ಹಳೇ ಹೆಂಡತಿಯ ವಿಳಾಸ, ಗೆಳತಿ ಎಲ್ಲಿ ಕೆಲಸ ಮಾಡುತ್ತಾಳೆ, ಕಾರಿನ ನಂಬರ್ ಪ್ಲೇಟ್, ಮೈಮೇಲಿನ ಹಚ್ಚೆ ಎಲ್ಲಿ, ಯಾವ ಚಿತ್ರ. ಬಿಡುಗಡೆಯ ಆತುರದಲ್ಲಿ ಎಲ್ಲರೂ ಸತ್ಯವನ್ನೇ ಬರೆದಿರುತ್ತಾರೆ! ಕೆಳಗೆ ಕೋ-ಸೈನರ್ ಸಹಿ ಇರುತ್ತದೆ: ಅಪ್ಪ, ಅಮ್ಮ, ಸ್ನೇಹಿತ. ಆರೋಪಿ ಸಿಗದಿದ್ದರೆ 50,000 ಡಾಲರ್ ಜೊತೆಗೆ ಹುಡುಕಿದ ಖರ್ಚೂ ಇವರ ತಲೆ ಮೇಲೆ. ಮನೆ ಅಡ ಇಟ್ಟಿದ್ದರೆ ಅದೂ ಹೋಗಬಹುದು. ಇಲ್ಲಿನ ನಮ್ಮವರು ಯಾರಾದರೂ ‘ಬರೀ ಒಂದು ಸಹಿ’ ಅಂತ ಕೇಳಿದರೆ, ದಯವಿಟ್ಟು ಆ ಪುಟವನ್ನು ಪೂರ್ತಿ ಓದಿ. ನನ್ನ ಕಣ್ಣಿಗೆ ಈ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಕೋ-ಸೈನರ್‌ಗಳೇ.

ಹಂಟರ್ ಬರುವುದು ಇದಾದ ಮೇಲೆ. ಅವನಿಗೆ ಸಂಬಳವಿಲ್ಲ. ಹಿಡಿದು ತಂದರೆ ಬಾಂಡ್ ಮೊತ್ತದ ಶೇ. 10ರಿಂದ 20ರವರೆಗೆ ಸಿಗುವುದು ರೂಢಿ. ಹಿಡಿಯದಿದ್ದರೆ ಪೆಟ್ರೋಲ್ ದುಡ್ಡೂ ಸ್ವಂತದ್ದು. ಅವನ ಕೈಯಲ್ಲಿರುವ ಅಧಿಕಾರ ಸರ್ಕಾರದ್ದಲ್ಲ, ಬಾಂಡ್ ಬರೆದವನಿಂದ ಎರವಲು ಬಂದದ್ದು. 1872ರ ಟೇಲರ್ ವಿರುದ್ಧ ಟೇಂಟರ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಜಾಮೀನು ಕೊಟ್ಟವನು ಆರೋಪಿಯನ್ನು ಬೇಕೆಂದಾಗ ಹಿಡಿಯಬಹುದು, ಬೇರೆ ರಾಜ್ಯಕ್ಕೂ ಬೆನ್ನಟ್ಟಬಹುದು, ಅಗತ್ಯಬಿದ್ದರೆ ಮನೆ ಬಾಗಿಲು ಮುರಿದು ಒಳನುಗ್ಗಬಹುದು, ಇದನ್ನೆಲ್ಲ ತಾನೇ ಮಾಡಬೇಕಿಲ್ಲ, ಬೇರೆಯವರಿಂದಲೂ ಮಾಡಿಸಬಹುದು ಎಂದಿತು. ಹಂಟರ್ ನಿಂತಿರುವುದು ಆ ಕೊನೆಯ ಮಾತಿನ ಮೇಲೆ.

ಈಗ ರಾಜ್ಯಗಳು ಆ ಅಧಿಕಾರವನ್ನು ಸಾಕಷ್ಟು ಕತ್ತರಿಸಿವೆ. ಕ್ಯಾಲಿಫೋರ್ನಿಯಾದಲ್ಲಿ ಹಿಡಿಯಲು ಹೋಗುವ ಮುಂಚೆ ಸ್ಥಳೀಯ ಪೊಲೀಸರಿಗೆ ತಿಳಿಸಬೇಕು, ಪೊಲೀಸ್ ಅನ್ನಿಸುವ ಯೂನಿಫಾರ್ಮ್ ಹಾಕುವ ಹಾಗಿಲ್ಲ. ಟೆಕ್ಸಾಸ್‌ನಲ್ಲಿ ಒಪ್ಪಿಗೆ ಇಲ್ಲದೆ ಮನೆಯೊಳಕ್ಕೆ ಕಾಲಿಡುವಂತಿಲ್ಲ. ಫ್ಲಾರಿಡಾದಲ್ಲಂತೂ ‘ನಾನು ಬೌಂಟಿ ಹಂಟರ್’ ಅಂತ ಹೇಳಿಕೊಳ್ಳುವುದೇ ಅಪರಾಧ, ಲೈಸೆನ್ಸ್ ಇರುವ ಬಾಂಡ್ ಏಜೆಂಟೇ ಹೋಗಿ ಹಿಡಿಯಬೇಕು. ಹೀಗೆ ಎರಡೂ ಕೆಲಸ ಒಬ್ಬನೇ ಮಾಡುವುದು ಉಂಟು, ಟಿವಿ ತೋರಿಸುವುದು ಪೂರ್ತಿ ಸುಳ್ಳೇನಲ್ಲ. ಇಲಿನಾಯ್, ಕೆಂಟಕಿ, ಒರೆಗಾನ್, ವಿಸ್ಕಾನ್ಸಿನ್‌ಗಳಲ್ಲಿ ಬಾಂಡ್ ವ್ಯಾಪಾರಕ್ಕೇ ಅವಕಾಶವಿಲ್ಲ. ಇಲಿನಾಯ್ 2023ರ ಸೆಪ್ಟೆಂಬರ್‌ನಿಂದ ನಗದು ಬೇಲನ್ನೇ ತೆಗೆದುಹಾಕಿದೆ.

ಗಡಿ ದಾಟಿದರೆ ಈ ಎರವಲು ಅಧಿಕಾರಕ್ಕೆ ಕಿಮ್ಮತ್ತಿಲ್ಲ. 1981ರಲ್ಲಿ ಇಬ್ಬರು ಹಂಟರ್‌ಗಳು ಟೊರಾಂಟೊದಿಂದ ಒಬ್ಬನನ್ನು ಎತ್ತಿಕೊಂಡು ಫ್ಲಾರಿಡಾಕ್ಕೆ ತಂದರು. ಕೆನಡಾ ಸುಮ್ಮನಿರಲಿಲ್ಲ, ಅವರನ್ನೇ ಹಸ್ತಾಂತರ ಮಾಡಿಸಿಕೊಂಡು ಅಪಹರಣದ ಕೇಸಿನಲ್ಲಿ ಶಿಕ್ಷೆ ಕೊಡಿಸಿತು. ಟಿವಿಯಲ್ಲಿ ಹೆಸರಾದ ಬೌಂಟಿ ಹಂಟರ್ ಡುವೇನ್ ಚಾಪ್‌ಮನ್ ಹವಾಯಿಯಲ್ಲಿ ಬಾಂಡ್ ಅಂಗಡಿಯನ್ನೂ ನಡೆಸುತ್ತಿದ್ದವನು. 2003ರಲ್ಲಿ ಅವನು ಮೆಕ್ಸಿಕೊದ ಪೋರ್ಟೊ ವಯಾರ್ಟಾದಲ್ಲಿ, 10 ಲಕ್ಷ ಡಾಲರ್ ಬೇಲ್ ತಪ್ಪಿಸಿ ಓಡಿಹೋಗಿದ್ದ ಒಬ್ಬ ಅತ್ಯಾಚಾರ ಅಪರಾಧಿಯನ್ನು ಹಿಡಿದ. ಅಲ್ಲಿ ಖಾಸಗಿಯವರು ಹೀಗೆ ಹಿಡಿಯುವುದು ಕಾನೂನುಬಾಹಿರ, ಚಾಪ್‌ಮನ್‌ನನ್ನೇ ಒಳಗೆ ಹಾಕಿದರು. ಬೇಲ್ ಮೇಲೆ ಹೊರಬಂದವನು ಅಲ್ಲಿಂದ ಪರಾರಿಯಾಗಿ ಅಮೆರಿಕಕ್ಕೆ ಬಂದ! ಮುಟ್ಟುಗೋಲಾದ ಹಣದಲ್ಲಿ ಪಾಲು ಕೇಳಿದ್ದಕ್ಕೆ ಇಲ್ಲಿನ ಜಡ್ಜ್ ಕೊಡಲಿಲ್ಲ. 2006ರಲ್ಲಿ ಮೆಕ್ಸಿಕೊದ ಕೋರಿಕೆ ಮೇಲೆ ಹವಾಯಿಯಲ್ಲಿ ಅರೆಸ್ಟೂ ಆದ, ಮರುವರ್ಷ ಆ ಕೇಸು ಬಿದ್ದುಹೋಯಿತು.

ಇನ್ನು ನಮ್ಮಲ್ಲಿ ಯಾಕಿಲ್ಲ ಅನ್ನುವುದು. ನಮ್ಮಲ್ಲಿ ಶ್ಯೂರಿಟಿ, ಅಂದರೆ ಜಾಮೀನುದಾರ, ಆರೋಪಿಯನ್ನು ಬಲ್ಲವನಾಗಿರಬೇಕು, ಅವನ ಮೇಲೆ ಕಣ್ಣಿಟ್ಟಿರಬೇಕು ಅನ್ನುವುದು ಕಾನೂನಿನ ನಿರೀಕ್ಷೆ. ದುಡ್ಡು ತೆಗೆದುಕೊಂಡು, ‘ನಷ್ಟವಾದರೆ ನೀನೇ ತುಂಬಿಕೊಡು’ ಎಂದು ಆರೋಪಿಯಿಂದ ಬರೆಸಿಕೊಂಡರೆ ಶ್ಯೂರಿಟಿಗೆ ಆ ಕಾಳಜಿ ಎಲ್ಲಿಂದ ಬರಬೇಕು? ಅಂಥ ಕರಾರು ಸಾರ್ವಜನಿಕ ನೀತಿಗೆ ವಿರುದ್ಧ, ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅನೂರ್ಜಿತ ಎನ್ನುತ್ತಾ ಬಂದಿವೆ ನಮ್ಮ ಕೋರ್ಟುಗಳು. ಏಜೆಂಟನ ಇಡೀ ವ್ಯಾಪಾರ ಆ ಕರಾರಿನ ಮೇಲೇ ನಿಂತಿರುವುದು, ಹಾಗಾಗಿ ನಮ್ಮಲ್ಲಿ ಅದಕ್ಕೆ ನೆಲೆಯೇ ಇಲ್ಲ.

ಹಾಗಂತ ನಮ್ಮಲ್ಲಿ ಎಲ್ಲ ಶುದ್ಧ ಅಂತಲ್ಲ. ಪಹಣಿ, ಕಂದಾಯ ರಸೀದಿ ಹಿಡಿದು ಯಾರಿಗೆ ಬೇಕಾದರೂ ಶ್ಯೂರಿಟಿ ನಿಲ್ಲುವ ಬಾಡಿಗೆ ಜನ ಕೋರ್ಟಿನ ಆಸುಪಾಸಿನಲ್ಲಿ ಇದ್ದೇ ಇದ್ದಾರೆ, ನಕಲಿ ಆಧಾರ್, ನಕಲಿ ಪಹಣಿ ಕೊಟ್ಟು ಸಿಕ್ಕಿಬೀಳುವವರೂ ಇದ್ದಾರೆ. ಅದಕ್ಕೇ ಇದುವರೆಗೆ ಎಷ್ಟು ಜನಕ್ಕೆ ಶ್ಯೂರಿಟಿ ನಿಂತಿದ್ದೀರಿ ಎಂದು ಘೋಷಣೆ ಬರೆಸಿಕೊಳ್ಳುವ ನಿಯಮ ಬಂತು, ಈಗ ಅದು ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 486ನೇ ಸೆಕ್ಷನ್. ಆರೋಪಿ ಕೈಕೊಟ್ಟರೆ ಕೋರ್ಟು ಶ್ಯೂರಿಟಿಗೆ ನೋಟಿಸ್ ಕೊಟ್ಟು ದಂಡ ಕಟ್ಟಿಸುತ್ತದೆ. ಮುಂಚೆಯೇ ಅನುಮಾನ ಬಂದರೆ, ನನ್ನನ್ನು ಈ ಹೊಣೆಯಿಂದ ಬಿಡಿಸಿ ಅಂತ ಶ್ಯೂರಿಟಿ ಅರ್ಜಿ ಹಾಕಬಹುದು. ಆಗ ಕೋರ್ಟ್ ವಾರಂಟ್ ಹೊರಡಿಸುತ್ತದೆ, ಹಿಡಿದು ತರುವ ಕೆಲಸ ಪೊಲೀಸರದು.