ಪಟ್ಟೂ ಇರಬೇಕು, ಒದೆಯೂ ಇರಬೇಕು: ಜಪಾನಿನ ಯಾವ ಕುಸ್ತಿ ಪಂದ್ಯ ನೋಡಲಿ?

ಅಮೆರಿಕದ ಟಿವಿ ಕುಸ್ತಿ ಸಾಕಾಗಿದೆ, ನೆಲದ ಮೇಲಿನ ಪಟ್ಟುಗಳೂ ಗಟ್ಟಿ ಹೊಡೆತಗಳೂ ಎರಡೂ ಇರುವ ಒಂದು ಜಪಾನಿ ಪಂದ್ಯ ಹೇಳಿ ಎಂದು ಕೇಳಿದ್ದೀರಿ. ನಾನು ಯೋಚನೆಯನ್ನೇ ಮಾಡದೆ ಹೇಳುವುದು 1986ರ ಜೂನ್ 12ರಂದು ಒಸಾಕಾ-ಜೋ ಹಾಲ್‌ನಲ್ಲಿ ನಡೆದ ತತ್ಸುಮಿ ಫುಜಿನಾಮಿ ಮತ್ತು ಅಕಿರಾ ಮಾಯೆದಾ ಅವರ ಪಂದ್ಯ.

ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಮಾಯೆದಾ ಒಸಾಕಾದವರೇ, ಕರಾಟೆ ಕಲಿತು ಕುಸ್ತಿಗೆ ಬಂದವರು. 1984ರಲ್ಲಿ ನ್ಯೂ ಜಪಾನ್ ಎಂಬ ಕುಸ್ತಿ ಸಂಸ್ಥೆ ಬಿಟ್ಟು ಯುಡಬ್ಲ್ಯುಎಫ್ ಎಂಬ ಹೊಸ ಕಂಪನಿಗೆ ಹೋದರು. ಹಗ್ಗಕ್ಕೆ ಓಡಿ ಬರುವುದು, ಮೂಲೆಯ ಕಂಬ ಹತ್ತಿ ಹಾರುವುದು ಇವೆಲ್ಲ ಬೇಡ, ಒದೆಯಬೇಕು, ಕೆಡವಬೇಕು, ಕೈಕಾಲಿನ ಕೀಲು ಹಿಡಿದು ಸೋಲೊಪ್ಪಿಸಬೇಕು ಎಂಬುದು ಅವರ ಗುಂಪಿನ ಹಟ. ಕಂಪನಿ ಮರುವರ್ಷವೇ ಮುಚ್ಚಿತು. 1986ರಲ್ಲಿ ಮಾಯೆದಾ, ಫುಜಿವಾರಾ, ತಕಾದಾ ಮುಂತಾದವರು ನ್ಯೂ ಜಪಾನಿಗೇ ಮರಳಿದರು, ಆದರೆ ತಮ್ಮ ಹಟವನ್ನು ಬಿಟ್ಟು ಬರಲಿಲ್ಲ. ಇವರ ಜೊತೆ ಆಡುವುದು ಉಳಿದವರಿಗೆ ಕಷ್ಟವಾಯಿತು. ಅದೇ ವರ್ಷ ಏಪ್ರಿಲ್ 29ರಂದು ಮಾಯೆದಾ ಮತ್ತು ದೈತ್ಯ ಮೈಕಟ್ಟಿನ ಕುಸ್ತಿಪಟು ಆಂದ್ರೆ ದ ಜೈಂಟ್ ನಡುವಿನ ಪಂದ್ಯದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಒಗ್ಗಲಿಲ್ಲ. ಅದು ಫಲಿತಾಂಶವೇ ಇಲ್ಲದೆ ಮುಗಿಯಿತು.

ಅದಾದ ಆರು ವಾರಕ್ಕೆ ಮಾಯೆದಾ ಎದುರು ನ್ಯೂ ಜಪಾನಿನವರೇ ಆದ ಫುಜಿನಾಮಿ ನಿಂತರು. ಮಾಯೆದಾಗಿಂತ ಐದು ವರ್ಷ ದೊಡ್ಡವರು, ಆದರೆ ಎತ್ತರದಲ್ಲಿ, ಮೈತೂಕದಲ್ಲಿ ಚಿಕ್ಕವರು.

ಪಂದ್ಯ ನೋಡುವಾಗ ಮಾಯೆದಾ ಕಾಲಿನ ಮೇಲೆ ಕಣ್ಣಿಡಬೇಡಿ, ಫುಜಿನಾಮಿಯನ್ನು ನೋಡಿ. ಎಲ್ಲರೂ ಆ ಒದೆಗಳ ಬಗ್ಗೆಯೇ ಮಾತಾಡುತ್ತಾರೆ, ಆದರೆ ಪಂದ್ಯವನ್ನು ಕಟ್ಟಿದ್ದು ಅವನ್ನು ತಿಂದವರು ಎಂದೇ ನನ್ನ ಅಭಿಪ್ರಾಯ. ಫುಜಿನಾಮಿ ಹಿಂದೆ ಸರಿದು ತಪ್ಪಿಸಿಕೊಳ್ಳುವುದಿಲ್ಲ. ಎದೆ ಒಡ್ಡುತ್ತಾರೆ, ಬೀಳುತ್ತಾರೆ, ಬಿದ್ದಲ್ಲಿಂದಲೇ ಕಾಲಿಗೆ ಕೈ ಹಾಕುತ್ತಾರೆ. ನೆಲದ ಮೇಲೆ ಇಬ್ಬರೂ ಪಟ್ಟಿಗೆ ಪ್ರತಿಪಟ್ಟು ಹುಡುಕುವ ಹೊತ್ತು ಕೆಲವರಿಗೆ ಬೇಸರವೆನ್ನಿಸಬಹುದು. ದಯವಿಟ್ಟು ಅದನ್ನು ಓಡಿಸಬೇಡಿ, ಆಮೇಲಿನ ಒದೆಗಳಿಗೆ ತೂಕ ಬರುವುದೇ ಅಲ್ಲಿಂದ. ಒಂದು ಒದೆಗೆ ಫುಜಿನಾಮಿಯ ಕಣ್ಣಿನ ಬಳಿ ಒಡೆದು ಮುಖವೆಲ್ಲ ರಕ್ತವಾಗುತ್ತದೆ. ಆದರೂ ಬಿಡುವುದಿಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ನೆಲಕ್ಕೆ ಬೀಳುತ್ತಾರೆ, ರೆಫರಿ ಎಣಿಸಿ ಮುಗಿಸುವುದರೊಳಗೆ ಯಾರೂ ಏಳುವುದಿಲ್ಲ. ಡಬಲ್ ನಾಕೌಟ್.

ಸಾಮಾನ್ಯವಾಗಿ ಇಬ್ಬರೂ ಗೆಲ್ಲದ ಪಂದ್ಯವೆಂದರೆ ನೋಡಿದವರಿಗೆ ಮೋಸವಾದಂತೆ. ಇಲ್ಲಿ ಹಾಗೆ ಅನ್ನಿಸುವುದೇ ಇಲ್ಲ. ನಿರ್ಜನ ದ್ವೀಪದಲ್ಲಿ ಒಬ್ಬನೇ ಸಿಕ್ಕಿಕೊಂಡಿದ್ದೇನೆ ಅಂದುಕೊಂಡಿದ್ದವನಿಗೆ ಅಲ್ಲೊಬ್ಬ ಜೊತೆಗಾರ ಕಂಡಂತಾಯಿತು ಎಂಬರ್ಥದ ಮಾತನ್ನು ಮಾಯೆದಾ ಆಮೇಲೆ ಆಡಿದರು. ತನ್ನ ಹಾದಿಗೆ ಬರದವರನ್ನೆಲ್ಲ ಜರಿಯುತ್ತಿದ್ದ ಮನುಷ್ಯನ ಬಾಯಲ್ಲಿ ಬಂದ ಮಾತು ಇದು.

“ಎಲ್ಲ ಮೊದಲೇ ಮಾತಾಡಿಕೊಂಡದ್ದಲ್ಲವೇ” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಪ್ರೊ ರೆಸ್ಲಿಂಗ್‌ನಲ್ಲಿ ಫಲಿತಾಂಶ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಆದರೆ ಮುಖಕ್ಕೆ ಬಿದ್ದ ಒದೆ ಒದೆಯೇ. ಎದುರಾಳಿಯನ್ನು ನಂಬಿ ಆ ನೋವನ್ನು ಒಪ್ಪಿಕೊಳ್ಳುವುದರಲ್ಲೇ ಈ ಕಲೆಯ ಸತ್ವ ಇದೆ.

ನಮ್ಮ ಗರಡಿ ಮನೆ ಬಲ್ಲವರಿಗೆ ಇನ್ನೊಂದು ವಿಷಯ ಹಿಡಿಸಬಹುದು. ಇಬ್ಬರಿಗೂ ಗುರುವಾದ ಕಾರ್ಲ್ ಗಾಚ್ ಬೆಲ್ಜಿಯಂನಲ್ಲಿ ಹುಟ್ಟಿ, ಇಂಗ್ಲೆಂಡಿನ ವಿಗನ್‌ನಲ್ಲಿ ಬಿಲ್ಲಿ ರೈಲಿಯ ಅಖಾಡದಲ್ಲಿ ಪಳಗಿದವರು. ಅವರು ಶಿಷ್ಯರಿಂದ ಮಾಡಿಸುತ್ತಿದ್ದ ಸಾಮಿನಲ್ಲಿ ನಮ್ಮ ಪೈಲ್ವಾನರ ದಂಡವೂ ಇತ್ತು, ಬಸ್ಕಿಯೂ ಇತ್ತು. ಬಸ್ಕಿಗೆ ಜಪಾನಿನಲ್ಲಿ ಇವತ್ತಿಗೂ ‘ಹಿಂದೂ ಸ್ಕ್ವಾಟ್’ ಎಂದೇ ಹೆಸರು, ಹೊಸ ಹುಡುಗರು ನೂರುಗಟ್ಟಲೆ ಹೊಡೆಯಬೇಕು.

ಇದು ಇಷ್ಟವಾದರೆ ಮುಂದಕ್ಕೆ 1995ರ ಅಕ್ಟೋಬರ್ 9ರ ಟೋಕಿಯೋ ಡೋಮ್ ಪಂದ್ಯ ನೋಡಿ, ಕೇಜಿ ಮುತೋ ಮತ್ತು ನೊಬುಹಿಕೊ ತಕಾದಾ ಅವರದ್ದು. ಅಲ್ಲಿ ಒದೆಯುವ ತಕಾದಾರ ಕಾಲನ್ನೇ ಮುತೋ ಹಿಡಿದು ತಿರುಚಿ, ಕೊನೆಗೆ ಫಿಗರ್ ಫೋರ್ ಎಂಬ ಕಾಲುಪಟ್ಟು ಹಾಕಿ ಸೋಲೊಪ್ಪಿಸುತ್ತಾರೆ. ಆದರೆ ಮೊದಲು ಒಸಾಕಾದ್ದನ್ನೇ ನೋಡಿ, ಪೂರ್ತಿ ನೋಡಿ.